ಗೆಳೆಯನಿಗೊಂದು ಪತ್ರ: ಅಂತರಂಗಕ್ಕೆ ಸಾಕ್ಷಿ ಕೇಳಿದವರು

ಪ್ರಿಯ ಗೆಳೆಯ,

ಬಾಸ್ಟನ್ನಿನ ಸ್ಟೇಟ್ ಹೌಸ್ ಮುಂದಿನ, ನಂಬಿಕೆಗಾಗಿ ಗಲ್ಲಿಗೇರಿದ ಮೇರಿ ಡಯರ್‌ಳ ಪ್ರತಿಮೆಯನ್ನು ನೋಡಿ ಬಂದು ನೀನು ಕೇಳಿದ ಪ್ರಶ್ನೆ ಸಹಜವಾದದ್ದೇ: ಧರ್ಮದ ಕಾರಣಕ್ಕೆ ಕಿರುಕುಳ ಉಂಡು ಇಂಗ್ಲೆಂಡ್ ಬಿಟ್ಟುಬಂದ ಪ್ಯೂರಿಟನ್ನರೇ (ಚರ್ಚನ್ನು ಶುದ್ಧಗೊಳಿಸಬೇಕೆಂದ ಪ್ರಾಟೆಸ್ಟಂಟರು) ಅದೇ ಕಾರಣಕ್ಕೆ ಇನ್ನೊಬ್ಬರನ್ನು ಗಲ್ಲಿಗೇರಿಸಿದ್ದು ಹೇಗೆ? ಅವರನ್ನು ಆಷಾಢಭೂತಿಗಳೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ನನಗೆ ಹಾಗನ್ನಿಸುವುದಿಲ್ಲ. 1630ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಜಾನ್ ವಿಂತ್ರಪ್‌ನ ಜೊತೆ ಬಂದವರು ಸರ್ವರ ಧರ್ಮಸ್ವಾತಂತ್ರ್ಯವನ್ನು ಬಯಸಿದವರಲ್ಲ. ತಾವು ಸತ್ಯವೆಂದು ನಂಬಿದ್ದನ್ನೇ ನಾಡಿನ ಕಟ್ಟಳೆಯಾಗಿಸಿ, ಬೆಟ್ಟದ ಮೇಲಿನ ಪಟ್ಟಣದಂತೆ ಜಗತ್ತಿನ ಕಣ್ಣಿಗೆ ಬೀಳುವ ಹಾಗೆ ಬದುಕಬೇಕೆಂದು ಹೊರಟವರು. ಆ ಮಾತಿಗೆ ಅವರು ನಿಷ್ಠರಾಗಿಯೇ ಇದ್ದರು.

ಅವರ ತೊಡಕು ಬೇರೆಡೆ ಇತ್ತು. ಮೋಕ್ಷ ಯಾರಿಗೆಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ, ಸತ್ಕಾರ್ಯದಿಂದ ಅದನ್ನು ಗಳಿಸಲಾಗದು ಎಂಬುದು ಅವರ ಸಿದ್ಧಾಂತ. ಆದರೆ ಚರ್ಚಿನ ಸದಸ್ಯತ್ವ ಹಾಗೆ ದೇವರಿಂದ ಆಯ್ಕೆಗೊಂಡವರಿಗೆ ಮಾತ್ರ, ಮತ್ತು 1631ರ ಕಾನೂನಿನಂತೆ ಮತದ ಹಕ್ಕು ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ. ಹಾಗಾಗಿ ಸದಸ್ಯನಾಗಬಯಸಿದವನು ದೈವಕೃಪೆ ತನ್ನ ಎದೆಯನ್ನು ಹೇಗೆ ಮುಟ್ಟಿತೆಂದು ಸಭೆಯ ಮುಂದೆ ನಿಂತು ನಿವೇದಿಸಬೇಕಾಯಿತು. ಬಾಸ್ಟನ್ ಪಕ್ಕದ ಕೇಂಬ್ರಿಜ್‌ನ ಪಾದ್ರಿ ಥಾಮಸ್ ಶೆಪರ್ಡ್ ಬರೆದಿಟ್ಟುಕೊಂಡ ಇಂಥ ನಿವೇದನೆಗಳಲ್ಲಿ ಭರವಸೆಗಿಂತ ಅಳುಕೇ ಹೆಚ್ಚು. ದೇವರೊಬ್ಬನೇ ಬಲ್ಲ ಸಂಗತಿಗೆ ನೆರೆಹೊರೆಯವರು ಪರೀಕ್ಷಕರಾಗಿದ್ದರು.

ಸೂಲಗಿತ್ತಿ ಆನ್ ಹಚಿನ್ಸನ್ ಇದೇ ಗಂಟಿಗೆ ಕೈಹಾಕಿದಳು. ಹೊರಗಿನ ನಡತೆ ಒಳಗಿನ ಕೃಪೆಗೆ ಪುರಾವೆಯಾಗದು ಎಂದು ಅವಳು ತನ್ನ ಮನೆಯ ಕೂಟಗಳಲ್ಲಿ ವಾದಿಸಿದಳು. 1637ರ ವಿಚಾರಣೆಯಲ್ಲಿ, ತನ್ನನ್ನು ಗಡೀಪಾರು ಮಾಡಲು ಕಾರಣವೇನೆಂದು ಕೇಳಿದಾಗ ವಿಂತ್ರಪ್ ಕೊಟ್ಟ ಉತ್ತರ ಇಷ್ಟೇ: ಇನ್ನು ಮಾತು ಬೇಡ, ಏಕೆಂಬುದು ನ್ಯಾಯಾಲಯಕ್ಕೆ ಗೊತ್ತು, ಅದಕ್ಕೆ ತೃಪ್ತಿಯಾಗಿದೆ. ಮರುವರ್ಷ ಚರ್ಚು ಅವಳನ್ನು ಹೊರಹಾಕಿದಾಗ ಜೊತೆಗೆ ಎದ್ದು ನಡೆದವಳೇ ಮೇರಿ ಡಯರ್. ಹಿಂದಿನ ಅಕ್ಟೋಬರಿನಲ್ಲಿ ಮೇರಿಗೆ ವಿಕಲಾಂಗ ಶಿಶುವೊಂದು ಸತ್ತು ಹುಟ್ಟಿತ್ತು. ಗುಟ್ಟಾಗಿ ಹೂತಿದ್ದ ಅದನ್ನು ಅಗೆಸಿ ತೆಗೆಸಿ, ವಿಂತ್ರಪ್ ಅವಳ ತಪ್ಪು ನಂಬಿಕೆಗೆ ದೇವರು ಕೊಟ್ಟ ಸಾಕ್ಷಿಯೆಂದು ಸಾರಿದನು. ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಹೇಸಿಗೆ ತರಿಸುವ ಘಟನೆ ಇದು, ನೇಣಿಗಿಂತಲೂ. ಮುಂದೆ ಮೇರಿ ಕ್ವೇಕರ್ ಆದಳು, ಎಂದರೆ ಒಳಗಿನ ಬೆಳಕನ್ನೇ ನಂಬುವ, ಆ ವಸಾಹತು ನಿಷೇಧಿಸಿದ್ದ ಪಂಥಕ್ಕೆ ಸೇರಿದಳು. ಅವಳನ್ನು 1659ರಲ್ಲಿ ಕೊರಳಿಗೆ ಹಗ್ಗ ಬಿದ್ದ ಮೇಲೆ ಬಿಟ್ಟು ಕಳಿಸಿದರು. ಅವಳು ಮರಳಿ ಬಂದಳು, 1660ರ ಜೂನ್ 1ರಂದು ಗಲ್ಲಿಗೇರಿಸಿದರು.

ಇದೇ ಜನ 1647ರಲ್ಲಿ, ಐವತ್ತು ಮನೆಗಳಿರುವ ಪ್ರತಿ ಊರಿನಲ್ಲೂ ಓದುಬರಹ ಕಲಿಸುವವರಿರಬೇಕೆಂದು ಕಾನೂನು ಮಾಡಿದರೆಂಬುದನ್ನೂ ಮರೆಯಬಾರದು. ಆದರೆ ಓದಿ ಬೆಳೆದ ಮಕ್ಕಳಲ್ಲಿ ಅನೇಕರಿಗೆ ಸಭೆಯ ಮುಂದೆ ಹೇಳಿಕೊಳ್ಳುವಂಥ ಅನುಭವವೇ ಆಗಲಿಲ್ಲ. ಕೊನೆಗೆ 1662ರಲ್ಲಿ ಅಂಥವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದೆಂದು ಪಾದ್ರಿಗಳ ಸಭೆ ಅರ್ಧ ಬಾಗಿಲು ತೆರೆಯಿತು.

1692ರಲ್ಲಿ, ಅದೇ ವಸಾಹತಿನ ಸೇಲಂ ಊರಿನ ಮಾಟಗಾರಿಕೆಯ ವಿಚಾರಣೆಗಳಲ್ಲಿ, ಕಾಣದ್ದಕ್ಕೆ ಸಾಕ್ಷಿ ಕೇಳುವ ಚಾಳಿ ತುದಿ ಮುಟ್ಟಿತು. ಆಪಾದಿತರ ಪ್ರೇತರೂಪ ತಮ್ಮನ್ನು ಹಿಂಸಿಸಿತೆಂಬ ದೂರುದಾರರ ಮಾತನ್ನೂ ನ್ಯಾಯಾಲಯ ಪುರಾವೆಯಾಗಿ ಸ್ವೀಕರಿಸಿತು. ಮಾಟ ಮಾಡಿದೆವೆಂದು ಒಪ್ಪಿ ಅದಕ್ಕೇ ಅಂಟಿಕೊಂಡವರು ಬದುಕಿದರು. ಸುಳ್ಳು ಹೇಳಲಾರೆವೆಂದವರೂ ಸೇರಿ ಹತ್ತೊಂಬತ್ತು ಮಂದಿ ನೇಣಿಗೇರಿದರು, ಆಪಾದನೆಗೆ ಉತ್ತರಿಸಲು ಒಪ್ಪದ ಜೈಲ್ಸ್ ಕೋರಿಯ ಮೇಲೆ ಕಲ್ಲು ಹೇರಿ ಕೊಂದರು. ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸೆವಾಲ್ 1697ರ ಜನವರಿಯಲ್ಲಿ ಚರ್ಚಿನಲ್ಲಿ ಎದ್ದು ನಿಂತು ತನ್ನ ತಪ್ಪೊಪ್ಪಿಗೆಯನ್ನು ಓದಿಸಿದನು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಮಾತ್ರ ಎಂದೂ ತಪ್ಪೊಪ್ಪಿಕೊಳ್ಳಲಿಲ್ಲ. ಆ ಹೊತ್ತಿಗೆ ಅವನು ಹಂಗಾಮಿ ಗವರ್ನರ್ ಆಗಿದ್ದನು.

ನಿನ್ನ ಗೆಳೆಯ