ಮತ್ತೆ ಟ್ಯೂಬ್ ಹಾಕಿಸಿಕೊಂಡ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಮೂತ್ರದ ಟ್ಯೂಬ್ ತೆಗೆದ ದಿನವೇ ಒಂದಕ್ಕೆ ಹೋಗಲಾಗದೆ ಒದ್ದಾಡಿ, ಸಂಜೆಯೊಳಗೆ ಮತ್ತೆ ಹಾಕಿಸಿಕೊಂಡೆಯಂತೆ. ‘ಪ್ರಾಸ್ಟೇಟ್ ಆಪರೇಷನ್ ಮಾಡಿಸಿದ್ದೇ ದಂಡ’ ಎಂದು ಬರೆದಿದ್ದೀಯಲ್ಲ, ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡ ಮಾರಾಯ. ನನಗೂ ಹೀಗೇ ಆಗಿತ್ತು. ಎರಡನೇ ಸಲ ಟ್ಯೂಬ್ ಒಳಗೆ ಹೋಗುವಾಗ ನೋವಿಗಿಂತ ಬೇಸರವೇ ಜಾಸ್ತಿ, ಅಲ್ವಾ?

ಡಾಕ್ಟರು ಕೆರೆದು ಸರಿಮಾಡಿದ್ದು ಮೂತ್ರದ ದಾರಿಯನ್ನು. ಮೂತ್ರಕೋಶ ಮೊದಲಿನದ್ದೇ. ಅದರ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಅಡ್ಡ ನಿಂತಿದ್ದಷ್ಟು ಕಾಲವೂ ಮೂತ್ರಕೋಶ ತಿಣುಕಿ ತಿಣುಕಿ ಮೂತ್ರ ಹೊರಹಾಕುತ್ತಿತ್ತು. ವರ್ಷಗಟ್ಟಲೆ ಏರಿನಲ್ಲಿ ಗಾಡಿ ಎಳೆದ ಎತ್ತಿನ ಹಾಗೆ ಸೋತಿದೆ. ನೊಗ ಇಳಿಸಿದ ಕೂಡಲೇ ಓಡು ಎಂದರೆ ಓಡೀತೇ? ಇದರ ಜೊತೆಗೆ ಆಪರೇಷನ್ ಆದ ಜಾಗದ ಊತ, ಹೆಪ್ಪುಗಟ್ಟಿದ ರಕ್ತದ ಚೂರು, ಅನಸ್ತೇಸಿಯಾ, ನೋವಿನ ಕೆಲವು ಮಾತ್ರೆಗಳು, ಮಲಬದ್ಧತೆ, ಇವೆಲ್ಲವೂ ಮೂತ್ರ ತಡೆಯುತ್ತವೆ. ಹೆಚ್ಚಿನವು ದಿನ ಕಳೆದಂತೆ ತಾವಾಗಿಯೇ ಇಳಿಯುವಂಥವು. ಸ್ನಾಯುವಿಗೆ ಬಲ ಬರುವುದು ಮಾತ್ರ ನಿಧಾನ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಎಲ್ಲರಿಗೂ ಪೂರ್ತಿ ಬರುತ್ತದೆ ಎಂದು ನಿನಗೆ ಸುಳ್ಳು ಹೇಳಲಾರೆ.

ಹಾಗಾಗಿ ಈಗಿನ ಟ್ಯೂಬನ್ನು ಶಿಕ್ಷೆ ಅಂದುಕೊಳ್ಳಬೇಡ, ಮೂತ್ರಕೋಶಕ್ಕೆ ಸಿಕ್ಕ ರಜೆ ಅಂದುಕೋ. ಮೂತ್ರ ಬೀಳುವ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ, ಪೈಪು ಮಡಚಿಕೊಳ್ಳದಿರಲಿ. ತೊಡೆಗೆ ಟೇಪ್ ಹಚ್ಚಿ ಕಟ್ಟಿಕೊಂಡರೆ ಎಳೆತದ ನೋವು ಅರ್ಧಕ್ಕರ್ಧ ಕಡಿಮೆ. ಹಗಲಿಗೆ ಕಾಲಿಗೆ ಕಟ್ಟುವ ಸಣ್ಣ ಚೀಲ ಸಿಗುತ್ತದೆ, ಪ್ಯಾಂಟಿನೊಳಗೆ ಗೊತ್ತೇ ಆಗುವುದಿಲ್ಲ. ಮೂರು ಜನರ ಮುಂದೆ ಕೈಯಲ್ಲಿ ಚೀಲ ಹಿಡಿದು ಓಡಾಡುವ ಸಂಕೋಚ ಇದೆಯಲ್ಲ, ಅದೇ ಮನುಷ್ಯನನ್ನು ಅರ್ಧ ಕುಗ್ಗಿಸಿಬಿಡುತ್ತದೆ. ಆಗಾಗ ಹೊಟ್ಟೆಯ ಕೆಳಗೆ ಹಿಂಡಿದಂತಾಗಿ ಟ್ಯೂಬಿನ ಪಕ್ಕದಿಂದ ನಾಲ್ಕು ಹನಿ ಸೋರಬಹುದು. ಟ್ಯೂಬಿನ ಕಿರಿಕಿರಿಗೆ ಮೂತ್ರಕೋಶ ಹಾಗೆ ಹಿಂಡುತ್ತದೆ, ಅಷ್ಟೇ. ಆದರೆ ಚೀಲಕ್ಕೆ ಏನೂ ಬೀಳದೆ ಹೊಟ್ಟೆ ಬಿಗಿದರೆ, ದೊಡ್ಡ ರಕ್ತದ ಗಡ್ಡೆಗಳು ಬಂದರೆ, ಚಳಿ ನಡುಕದ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡ. ರಾತ್ರಿಯೇ ಹೋಗು.

ನೀರು ಕುಡಿ, ಆದರೆ ದಿನಪೂರ್ತಿ ಹಂಚಿಕೊಂಡು. ಹೊಟ್ಟೆ ಕಟ್ಟದಂತೆ ನೋಡಿಕೋ. ತಿಣುಕಿದರೆ ಒಳಗಿನ ಗಾಯ ಮತ್ತೆ ರಕ್ತ ಬಿಡಬಹುದು. ಇನ್ನೊಂದು, ನೆಗಡಿ ಬಂತೆಂದು ಅಂಗಡಿಯಿಂದ ಸುಮ್ನೆ ಒಂದು ಮಾತ್ರೆ ತಂದು ನುಂಗಬೇಡ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ದಾರಿಯನ್ನೂ ಬಿಗಿ ಮಾಡುತ್ತವೆ. ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟಿದ್ದರೆ ಹಾಸಿಗೆಯಿಂದ ಏಳುವಾಗ ನಿಧಾನ, ತಲೆ ತಿರುಗಬಹುದು.

ಟ್ಯೂಬ್ ತೆಗೆದ ಮೇಲೂ ಸರಿಹೋಗದಿದ್ದರೆ ಏನು ಗತಿ ಎಂದು ಕೇಳಿದ್ದೀಯ. ಆಗ ಇನ್ನೊಂದು ದಾರಿಯಿದೆ. ಸಣ್ಣ ನಳಿಕೆಯನ್ನು ನೀನೇ ಹಾಕಿ, ಖಾಲಿ ಮಾಡಿ, ತೆಗೆದುಬಿಡುವುದು. ಕೇಳುವಾಗಲೇ ಮೈ ಜುಮ್ಮೆನ್ನುತ್ತದೆ, ಗೊತ್ತು. ಕಲಿಸುವ ನರ್ಸ್ ತಾಳ್ಮೆಯವರಾದರೆ ಹೆದರಿಕೆ ಬೇಗ ಬಿಡುತ್ತದೆ. 1972ರಲ್ಲಿ ಜ್ಯಾಕ್ ಲ್ಯಾಪಿಡಿಸ್ ಎಂಬ ಅಮೆರಿಕದ ಡಾಕ್ಟರು ಈ ಪದ್ಧತಿಯನ್ನು ಬಳಕೆಗೆ ತಂದರು. ಆಪರೇಷನ್ ಕೋಣೆಯ ಮಟ್ಟದ ಶುಚಿ ಬೇಕಿಲ್ಲ, ಕೈ ಚೆನ್ನಾಗಿ ತೊಳೆದು ಶುಚಿಯಾಗಿ ಮಾಡಿದರೆ ಸಾಕು, ಮೂತ್ರಕೋಶ ಅತಿಯಾಗಿ ತುಂಬಿ ಬಿಗಿಯಲು ಬಿಡದಿರುವುದೇ ಮುಖ್ಯ ಎಂದರು. ಒಂದು ಸಲಕ್ಕೆ 400-500 ಮಿಲಿ ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. ದಿನವಿಡೀ ಟ್ಯೂಬ್ ಹೊತ್ತು ತಿರುಗುವುದಕ್ಕಿಂತ ನನಗೆ ಇದೇ ವಾಸಿ ಅನ್ನಿಸಿತು. ಸೋಂಕಿನ ಭಯ ಕಡಿಮೆ, ನಡುನಡುವೆ ತಾನಾಗಿ ಬರುತ್ತದೆಯೇ ಎಂದು ನೋಡಲೂ ಬಹುದು. ತಾನಾಗಿ ಬರುವುದು ಹೆಚ್ಚಿದಂತೆ ನಳಿಕೆಯಲ್ಲಿ ಬರುವುದು ಕಡಿಮೆಯಾಗುತ್ತಾ ಹೋಗುತ್ತದೆ. ಬರೆದಿಟ್ಟುಕೊಂಡರೆ ಡಾಕ್ಟರಿಗೂ ಅನುಕೂಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡು. ಟ್ಯೂಬ್ ತೆಗೆದ ಮೇಲೆ ಸದಾ ಹನಿ ಹನಿ ಸೋರುತ್ತಿದ್ದರೆ ‘ಮೂತ್ರ ಬರುತ್ತಿದೆಯಲ್ಲ’ ಎಂದು ಸಮಾಧಾನಪಡಬೇಡ. ಮೂತ್ರಕೋಶ ತುಂಬಿ ತುಳುಕುತ್ತಿದ್ದರೂ ಹಾಗೇ ಸೋರುತ್ತದೆ. ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿದರೇ ಗೊತ್ತಾಗುವುದು. ಆ ಸ್ಕ್ಯಾನ್ ಮಾಡದೆ ಮನೆಗೆ ಕಳಿಸುತ್ತಿದ್ದರೆ ನೀನೇ ಕೇಳು, ಸಂಕೋಚಪಡಬೇಡ.

ಮುಂದಿನ ಸಲ ಟ್ಯೂಬ್ ತೆಗೆಸುವಾಗ ಬೆಳಗಿನ ಹೊತ್ತೇ ಗೊತ್ತುಮಾಡಿಕೋ. ಬರಲಿಲ್ಲ ಅಂದರೆ ಡಾಕ್ಟರು ಇರುವಾಗಲೇ ಗೊತ್ತಾಗುತ್ತದೆ. ಒಮ್ಮೆಲೇ ಲೀಟರ್‌ಗಟ್ಟಲೆ ಕುಡಿದು ಪರೀಕ್ಷೆಗೆ ಕೂರಬೇಡ. ತಿಣುಕದೆ ಆರಾಮಾಗಿ ಕೂತು ಹೋಗು, ಎದ್ದು ಸ್ವಲ್ಪ ಓಡಾಡು, ಎರಡು ನಿಮಿಷ ಬಿಟ್ಟು ಮತ್ತೆ ಕೂತು ನೋಡು, ಉಳಿದದ್ದು ಬರಬಹುದು. ದಿನ ಯಾವುದೆಂದು ತಿಳಿಸು. ಅವತ್ತು ಫೋನ್ ಕೈಯಲ್ಲೇ ಹಿಡಿದಿರುತ್ತೇನೆ, ಸ್ಕ್ಯಾನ್‌ನಲ್ಲಿ ಎಷ್ಟು ಉಳಿದಿತ್ತು ಎಂದು ಹೇಳಲೇಬೇಕು.

ನಿನ್ನ ಗೆಳೆಯ