ಲಾಂಛನ ಬರೆಯುವ ಮುನ್ನ

ಹೊರದೇಶದಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ಹೊಸದೊಂದು ಲಾಂಛನ ಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದ ಮೇಲೆ ಸದಸ್ಯರಿಂದ ಬಂದ ಸಲಹೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ದಾವಣಗೆರೆ, ಚಿತ್ರದುರ್ಗದ ಕಡೆಯವರು; 1997ರವರೆಗೆ ಅದೆಲ್ಲ ಬಹುಪಾಲು ಒಂದೇ ಜಿಲ್ಲೆಯಾಗಿತ್ತು. ಹೀಗಾಗಿ ಸಲಹೆಗಳ ತುಂಬ ಆ ನೆಲದ ಪ್ರೀತಿಯೇ ಇದೆ. ಏಳುಸುತ್ತಿನ ಕೋಟೆ ಇರಲಿ, ಒನಕೆ ಹಿಡಿದ ಓಬವ್ವ ಇರಲಿ, ಗಂಡಭೇರುಂಡ ಇರಲಿ, ತಾಯಿ ಭುವನೇಶ್ವರಿ ಇರಲಿ, ಹಳದಿ ಕೆಂಪು ಬಣ್ಣ ಇರಲೇಬೇಕು, ನಾವು ಬಂದು ನೆಲೆಸಿದ ದೇಶದ ಬಾವುಟದ ಗುರುತೂ ಎಲ್ಲಾದರೂ ಕಾಣಲಿ ಎಂದು ಬರೆದಿದ್ದಾರೆ. ಪ್ರತಿಯೊಂದು ಮಾತಿನ ಹಿಂದೆಯೂ ನಿಜವಾದ ಅಭಿಮಾನವಿದೆ. ಆದರೆ ಇವೆಲ್ಲವನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹಿಡಿಸಲು ಹೊರಟರೆ ಯಾವುದೂ ಕಾಣದೆ ಹೋಗುತ್ತದೆ. ಆದ್ದರಿಂದ ಪೆನ್ಸಿಲ್ ಹಿಡಿಯುವ ಮುನ್ನ, ಈ ಕೆಲಸವನ್ನು ದಶಕಗಳ ಕಾಲ ಮಾಡಿದ ಅಮೆರಿಕದ ವಿನ್ಯಾಸಕಾರ ಪಾಲ್ ರಾಂಡ್ ಅವರು ಹೇಗೆ ಯೋಚಿಸುತ್ತಿದ್ದರು ಎಂಬುದನ್ನು ನಮ್ಮ ಸದಸ್ಯರೆಲ್ಲ ತಿಳಿಯಬೇಕೆಂಬುದು ನನ್ನ ಆಸೆ.

ರಾಂಡ್ 1914ರ ಆಗಸ್ಟ್ 15ರಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಮನೆಯವರು ಇಟ್ಟ ಹೆಸರು ಪೆರೆಟ್ಸ್ ರೋಸೆನ್‌ಬಾಮ್. ವೃತ್ತಿಗಿಳಿದಾಗ ಅದನ್ನು ಬಿಟ್ಟು, ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ಅಕ್ಷರಗಳ ಎರಡು ಪುಟ್ಟ ಪದಗಳನ್ನು ತಮ್ಮ ಹೆಸರಾಗಿ ಮಾಡಿಕೊಂಡರು. ತಂದೆಯದು ಕಿರಾಣಿ ಅಂಗಡಿ. ಹುಡುಗ ಆ ಅಂಗಡಿಗೆ ಬೇಕಾದ ಫಲಕಗಳನ್ನು ಬರೆಯುತ್ತ ಬೆಳೆದ. ಹಗಲಲ್ಲಿ ಸಾಮಾನ್ಯ ಶಾಲೆ, ರಾತ್ರಿ ಪ್ರಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲೆಯ ತರಗತಿ ಎಂದು ಓದು ಸಾಗಿತಾದರೂ, ಯುರೋಪಿನ ಹೊಸ ಕಲೆ ಅವರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಅಲ್ಲಿಂದ ಬರುತ್ತಿದ್ದ ವಿನ್ಯಾಸ ಪತ್ರಿಕೆಗಳ ಪುಟಗಳಿಂದ. 1938ರಿಂದ 1945ರವರೆಗೆ ಅವರು ‘ಡೈರೆಕ್ಷನ್’ ಎಂಬ ಸಣ್ಣ ಪತ್ರಿಕೆಗೆ ಮುಖಪುಟಗಳನ್ನು ಹಣ ಪಡೆಯದೆ ರಚಿಸಿಕೊಟ್ಟರು. ಅದಕ್ಕೆ ಬದಲಾಗಿ ಅವರು ಬಯಸಿದ್ದು ತಮಗೆ ಸರಿಕಂಡಂತೆ ಕೆಲಸ ಮಾಡುವ ಸ್ವಾತಂತ್ರ್ಯವನ್ನು. ಸ್ವಯಂಸೇವಕರಿಂದಲೇ ನಡೆಯುವ ನಮ್ಮಂಥ ಸಂಘಗಳು ಈ ಒಂದು ಸಂಗತಿಯನ್ನು ಮರೆಯಬಾರದು. ಹಣ ಕೊಡಲಾಗದ ಕಡೆ ಕನಿಷ್ಠ ನಂಬಿಕೆಯನ್ನಾದರೂ ಕೊಡಬೇಕು. ಉಚಿತವಾಗಿ ಬರೆದುಕೊಡಿ ಎಂದು ಕೇಳಿ, ಬಳಿಕ ಹದಿನೈದು ಜನ ಹದಿನೈದು ತಿದ್ದುಪಡಿ ಸೂಚಿಸುವುದು ಕಲಾವಿದರಿಗೆ ಮಾಡುವ ಅನ್ಯಾಯ.

ಹತ್ತು ವರ್ಷಕ್ಕೂ ಮಿಗಿಲಾಗಿ ಜಾಹೀರಾತು ಸಂಸ್ಥೆಯಲ್ಲಿ ದುಡಿದ ರಾಂಡ್, ಇಂದು ಅವರ ಹೆಸರಿನೊಂದಿಗೆ ಕೂಡಲೇ ನೆನಪಾಗುವ ಕೆಲಸಕ್ಕೆ ಕೈಹಾಕಿದ್ದು 1956ರಲ್ಲಿ, ಅಮೆರಿಕದ ಕಂಪ್ಯೂಟರ್ ಸಂಸ್ಥೆ ಐಬಿಎಂನ ಕರೆ ಬಂದಾಗ. ಅಷ್ಟರಲ್ಲಿ ಅವರಿಗೆ ನಲವತ್ತು ದಾಟಿತ್ತು. ಆ ಮೂರು ಅಕ್ಷರಗಳಲ್ಲಿ ಅವರು ಮೊದಲ ಸಲ ಮಾಡಿದ ಬದಲಾವಣೆ ಎಷ್ಟು ಮೆಲ್ಲನೆಯದೆಂದರೆ, ಹೊರಗಿನವರಿಗೆ ಅದು ಗೊತ್ತಾಗುವುದೇ ಕಷ್ಟವಿತ್ತು. ಜರ್ಮನಿಯ ಗೆಯೋರ್ಗ್ ಟ್ರುಂಪ್ ರೂಪಿಸಿದ್ದ ‘ಸಿಟಿ’ ಎಂಬ ಅಚ್ಚಕ್ಷರವನ್ನು ಆಧಾರವಾಗಿ ಇಟ್ಟುಕೊಂಡು, ಅಕ್ಷರಗಳನ್ನು ಇನ್ನಷ್ಟು ಗಟ್ಟಿಯಾಗಿ, ಬಿ ಅಕ್ಷರದ ಒಳಗಿನ ಖಾಲಿ ಜಾಗಗಳನ್ನು ಚೌಕವಾಗಿ ತಿದ್ದಿದರು. ಆದರೂ ಒಂದು ತೊಡಕು ಅವರನ್ನು ಕಾಡುತ್ತಲೇ ಇತ್ತು. ಐ ತೀರ ಕಿರಿದು, ಬಿ ಅದಕ್ಕಿಂತ ಅಗಲ, ಎಂ ಇನ್ನೂ ಅಗಲ. ಹೀಗೆ ಹಿಗ್ಗುತ್ತ ಹೋದ ಸಾಲು ತಟ್ಟನೆ ನಿಂತುಬಿಡುತ್ತದೆ, ಮೂರೂ ಸೇರಿ ಒಂದು ಆಕೃತಿಯಾಗುವುದಿಲ್ಲ. ಇದಕ್ಕೆ ಉತ್ತರವಾಗಿ ಬಂದವು ಅಡ್ಡಗೆರೆಗಳು. ಕಾನೂನು ದಸ್ತಾವೇಜುಗಳಲ್ಲಿ ಸಹಿಯನ್ನು ಯಾರೂ ನಕಲು ಮಾಡದಂತೆ ಅದರ ಹಿಂದೆ ಒತ್ತೊತ್ತಾಗಿ ಗೆರೆ ಎಳೆದಿರುವುದನ್ನು ನೆನೆದು, ಅದೇ ಬಗೆಯ ಗೆರೆಗಳು ಮೂರು ಅಕ್ಷರಗಳನ್ನೂ ಬೆಸೆಯಬಲ್ಲವೆಂದು ಅವರು ಕಂಡುಕೊಂಡರು. ಇಂದು ನಾವು ನೋಡುವ ಎಂಟು ಪಟ್ಟಿಗಳ ರೂಪ 1972ರದು. ಮೊದಲ ತಿದ್ದುಪಡಿಗೂ ಇದಕ್ಕೂ ನಡುವೆ ಹದಿನಾರು ವರ್ಷ ಉರುಳಿದ್ದವು, ಮತ್ತು ಅಷ್ಟೂ ಕಾಲ ಆ ಅಕ್ಷರಗಳು ಅವರ ಮೇಜಿನ ಮೇಲಿದ್ದವು. ನನ್ನ ಮಟ್ಟಿಗೆ ರಾಂಡ್ ಅವರ ವೃತ್ತಿಜೀವನದ ಅತಿ ದೊಡ್ಡ ಪಾಠ ಇದೇ: ಜಗತ್ತೇ ಮೆಚ್ಚಿದ ಕೆಲಸದಲ್ಲಿ ಉಳಿದಿದ್ದ ಕೊರತೆಯನ್ನು ಅದರ ಕರ್ತೃವೇ ಗುರುತಿಸಿ, ಅದಕ್ಕೆ ತಕ್ಕ ಕಾರಣ ಸಿಗುವವರೆಗೆ ಕಾದು ತಿದ್ದಿದರು.

ಈ ಸಂಪಾದಕೀಯವನ್ನು ನಾನು ಬರೆಯುತ್ತಿರುವುದು ದಾವಣಗೆರೆಯಲ್ಲಿ ಕುಳಿತು. ಫ್ಲೆಕ್ಸ್ ಬರುವುದಕ್ಕೆ ಮುಂಚೆ ಚೌಕಿಪೇಟೆ, ಮಂಡಿಪೇಟೆಯ ಅಂಗಡಿಗಳಿಗೆ ಕೈಯಿಂದ ಫಲಕ ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರನ್ನು ಇಲ್ಲಿ ಭೇಟಿಯಾಗಿ ಐಬಿಎಂ ಗುರುತಿನ ಈ ಕಥೆಯನ್ನು ಹೇಳಿದೆ. ಅವರಿಗೆ ರಾಂಡ್ ಹೆಸರು ಹೊಸದು, ತೊಡಕು ಮಾತ್ರ ತೀರ ಪರಿಚಿತ. “ಅಕ್ಷರ ಬರೆದಾದ ಮೇಲೆ ಏಣಿ ಇಳಿದು, ರಸ್ತೆ ದಾಟಿ ಆ ಕಡೆ ನಿಂತು ನೋಡಬೇಕ್ರೀ. ಅಲ್ಲಿಂದ ಓದಕ್ಕೆ ಬರಲಿಲ್ಲ ಅಂದ್ರೆ ಎಷ್ಟು ಚೆಂದ ಬರೆದಿದ್ರೂ ಅಂಗಡಿಯವರಿಗೆ ಉಪಯೋಗ ಇಲ್ಲ” ಎಂದರು. ಬಳಿಕ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಕನ್ನಡ ಸಂಘ’ ಎಂದು ಬರೆದು ತೋರಿಸುತ್ತ, ನಮ್ಮ ಲಿಪಿಯಲ್ಲಿ ಕಷ್ಟ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ವಿವರಿಸಿದರು. ‘ಕ’ ಮತ್ತು ‘ಡ’ ಗೆರೆಯ ಮೇಲೆ ನೆಮ್ಮದಿಯಾಗಿ ಕೂರುತ್ತವೆ, ನಡುವಿನ ನಕಾರದ ಒತ್ತು ಕೆಳಗೆ ಇಳಿಯುತ್ತದೆ, ‘ಸ’ದ ಪಕ್ಕದ ಸೊನ್ನೆ ತನ್ನ ಸುತ್ತ ಜಾಗ ಕೇಳುತ್ತದೆ, ‘ಘ’ ಎಲ್ಲಕ್ಕಿಂತ ಅಗಲವಾಗಿ ಹರಡುತ್ತದೆ. ಒತ್ತನ್ನು ಚಿಕ್ಕದು ಮಾಡಿದರೆ ದೂರದಿಂದ ಅದು ಕಾಣದೆ ಪದವೇ ಬೇರೆಯಾಗುತ್ತದೆ, ದೊಡ್ಡದು ಮಾಡಿದರೆ ಕೆಳಗಿನ ಸಾಲಿಗೆ ತಾಗುತ್ತದೆ. ರೋಮನ್ ಲಿಪಿಯ ಮೂರು ಅಕ್ಷರಗಳ ಅಗಲವನ್ನು ಸರಿದೂಗಿಸಲು ರಾಂಡ್‌ರಂಥವರಿಗೂ ಅಷ್ಟು ವರ್ಷ ಹಿಡಿಯಿತೆಂದರೆ, ಒತ್ತು, ದೀರ್ಘ, ತಲೆಕಟ್ಟುಗಳಿರುವ ನಮ್ಮ ಅಕ್ಷರಗಳನ್ನು ಫೋನಿನ ಪರದೆಯ ಪುಟ್ಟ ವೃತ್ತದೊಳಗೆ ಕೂರಿಸುವ ಕೆಲಸಕ್ಕೆ ಎಷ್ಟು ವ್ಯವಧಾನ ಬೇಕೆಂಬುದನ್ನು ನಾವೇ ಊಹಿಸಬಹುದು. ಕಂಪ್ಯೂಟರಿನಲ್ಲಿ ಸಿಗುವ ಯಾವುದೋ ಒಂದು ಫಾಂಟಿನಲ್ಲಿ ಹೆಸರು ಟೈಪಿಸಿ ಸುತ್ತ ವರ್ತುಲ ಎಳೆದರೆ ಅದು ಲಾಂಛನವಾಗುವುದಿಲ್ಲ.

ರಾಂಡ್ ತಮ್ಮ ಗ್ರಾಹಕರೊಂದಿಗೆ ನಡೆದುಕೊಳ್ಳುತ್ತಿದ್ದ ಬಗೆಯೂ ನಮಗೆ ಮುಖ್ಯ. 1986ರಲ್ಲಿ ಆಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ತಮ್ಮ ಹೊಸ ಕಂಪ್ಯೂಟರ್ ಸಂಸ್ಥೆ ನೆಕ್ಸ್ಟ್‌ಗೆ ಗುರುತು ಮಾಡಿಕೊಡಲು ಕೇಳಿದಾಗ ರಾಂಡ್ ಅವರಿಗೆ ಎಪ್ಪತ್ತು ದಾಟಿತ್ತು. ಕೆಲವು ಆಯ್ಕೆಗಳನ್ನು ತೋರಿಸುವಿರಾ ಎಂಬ ಪ್ರಶ್ನೆಗೆ ಅವರು ಒಪ್ಪಲಿಲ್ಲ. ನಿಮ್ಮ ಸಮಸ್ಯೆಗೆ ಒಂದು ಪರಿಹಾರ ಕೊಡುತ್ತೇನೆ, ಅದನ್ನು ಬಳಸುವುದು ಬಿಡುವುದು ನಿಮ್ಮ ಇಷ್ಟ, ಸಂಭಾವನೆ ಮಾತ್ರ ಕೊಡಬೇಕು ಎಂಬುದು ಅವರ ನಿಲುವಾಗಿತ್ತೆಂದು ಮುಂದೆ ಜಾಬ್ಸ್ ಅವರೇ ಹೇಳಿಕೊಂಡಿದ್ದಾರೆ. ಸಂಭಾವನೆ 1,00,000 ಡಾಲರ್. ಇದನ್ನು ಅಹಂಕಾರವೆಂದು ತಿಳಿಯುವವರು ಅವರು ಚಿತ್ರದ ಜೊತೆಗೆ ಕೊಟ್ಟ ಪುಸ್ತಿಕೆಯನ್ನು ಗಮನಿಸಬೇಕು. ಆ ಗುರುತಿಗೆ ತಾವು ಹೇಗೆ ತಲುಪಿದೆವೆಂಬುದನ್ನು ಅದರಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದರು. ಹೆಸರಿನ ನಾಲ್ಕೂ ಅಕ್ಷರಗಳನ್ನು ದೊಡ್ಡಕ್ಷರದಲ್ಲಿ (NEXT) ಬರೆದರೆ ನೋಡುವವರು ಅದನ್ನು ‘ಎಕ್ಸಿಟ್’ (EXIT) ಎಂದು ತಪ್ಪಾಗಿ ಓದಬಹುದು, ಅದಕ್ಕಾಗಿ ಇ ಅಕ್ಷರವನ್ನು ಮಾತ್ರ ಚಿಕ್ಕಕ್ಷರವಾಗಿಸಿದ್ದೇನೆ ಎಂಬ ವಿವರಣೆಯಿತ್ತು. ಕಪ್ಪು ಘನಾಕೃತಿಯನ್ನು 28 ಡಿಗ್ರಿ ವಾಲಿಸಿ, ಅಕ್ಷರಗಳನ್ನು ಎರಡೆರಡಾಗಿ ಎರಡು ಸಾಲಿನಲ್ಲಿ ಜೋಡಿಸಿದ್ದಕ್ಕೂ ಅಲ್ಲಿ ಸಮರ್ಥನೆಯಿತ್ತು. ಒಂದೇ ಉತ್ತರ ಕೊಡುವ ಹಕ್ಕು ಅವರಿಗೆ ಬಂದದ್ದು, ಆ ಉತ್ತರಕ್ಕೆ ಪೂರ್ಣ ಕಾರಣ ಕೊಡುವ ಹೊಣೆಯನ್ನು ಅವರು ಹೊತ್ತಿದ್ದರಿಂದ.

ಅವರ ಕೆಲಸವೆಲ್ಲ ಸ್ವೀಕಾರವಾಯಿತೆಂದಲ್ಲ. 1966ರಲ್ಲಿ ಫೋರ್ಡ್ ಕಂಪನಿಗೆ ಮಾಡಿಕೊಟ್ಟ ಹೊಸ ರೂಪವನ್ನು ಕಂಪನಿ ಒಪ್ಪಲಿಲ್ಲ. 1961ರಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಸಂಸ್ಥೆಗೆ ಗುರಾಣಿಯ ಮೇಲೆ ದಾರ ಕಟ್ಟಿದ ಪೊಟ್ಟಣವನ್ನು ಬರೆದಾಗ ಅದನ್ನು ತಮ್ಮ ಪುಟ್ಟ ಮಗಳಿಗೆ ತೋರಿಸಿದರು; ಅದು ಉಡುಗೊರೆ ಎಂದು ಅವಳು ತಕ್ಷಣ ಗುರುತಿಸಿದಳು. ಆ ಗುರುತು ನಾಲ್ಕು ದಶಕ ಚಲಾವಣೆಯಲ್ಲಿದ್ದು, 2003ರಲ್ಲಿ ಬದಲಾಯಿತು. 1962ರಲ್ಲಿ ಎಬಿಸಿ ದೂರದರ್ಶನ ಜಾಲಕ್ಕೆ ವೃತ್ತದೊಳಗೆ ಬರೆದ ಮೂರು ಚಿಕ್ಕಕ್ಷರಗಳು ಮಾತ್ರ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಇಂದಿಗೂ ಉಳಿದಿವೆ.

ಈಗ ನಮ್ಮ ಕೋಟೆ, ನಮ್ಮ ಓಬವ್ವನ ವಿಷಯಕ್ಕೆ ಬರುತ್ತೇನೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುವ ಕೆಲವು ಯುವಕ ಯುವತಿಯರ ಮುಂದೆ ನಮ್ಮ ಸದಸ್ಯರ ಸಲಹೆಗಳ ಪಟ್ಟಿ ಇಟ್ಟಾಗ, ಅವರಲ್ಲೊಬ್ಬಳು ಕೋಟೆಯನ್ನೂ ಓಬವ್ವನನ್ನೂ ಪೂರ್ತಿ ಬಿಟ್ಟು, ದಪ್ಪನಾದ ಕಪ್ಪು ಆಕೃತಿಯೊಂದರ ನಡುವೆ ಕಿರಿದಾದ ಬಿಳಿಯ ಸೀಳನ್ನು, ಸೀಳಿನ ಮೇಲ್ಭಾಗದಲ್ಲಿ ನೆಟ್ಟಗೆ ನಿಂತ ಒಂದು ಗೆರೆಯನ್ನು ಬರೆದಳು. ಚಿತ್ರದುರ್ಗದ ಕಿಂಡಿಯನ್ನು ಕಣ್ಣಾರೆ ಕಂಡವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಬಂಡೆ, ಸಂದು, ಒನಕೆ ಮೂರೂ ಅಲ್ಲಿವೆ. ಕಾಣದವರಿಗೆ ಅದು ಮರೆಯಲಾಗದ ಒಂದು ಆಕಾರವಾಗಿ ಉಳಿಯುತ್ತದೆ, ಇದೇನೆಂದು ಕೇಳುವಂತೆ ಮಾಡುತ್ತದೆ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ ಕಥೆಯನ್ನು ಹೊರದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಹೇಳಲು ಅಷ್ಟು ಸಾಕು. ಸೀರೆಯ ನೆರಿಗೆ, ಕೈಬಳೆ, ಕೋಟೆಯ ಒಂದೊಂದು ಕಲ್ಲು ಎಂದು ಬಿಡಿಸಿದ ಚಿತ್ರ ರಾಜ್ಯೋತ್ಸವದ ವೇದಿಕೆಯ ಹಿಂದಿನ ಪರದೆಗೆ ಒಪ್ಪುತ್ತದೆ, ಅಲ್ಲಿ ಅದು ಬೇಕು ಕೂಡ. ಲಕೋಟೆಯ ಮೂಲೆಯಲ್ಲಿ ಅದೇ ಚಿತ್ರ ಮಸಿಯ ಚುಕ್ಕೆಯಾಗುತ್ತದೆ. ಆ ವಿದ್ಯಾರ್ಥಿನಿಯ ಗುರುತನ್ನೇ ಆರಿಸಬೇಕೆಂದು ನಾನು ಹೇಳುತ್ತಿಲ್ಲ, ಏನನ್ನು ಬಿಡಬೇಕೆಂದು ಅವಳು ಯೋಚಿಸಿದ ರೀತಿ ಸರಿಯಾದದ್ದು ಎನ್ನುತ್ತಿದ್ದೇನೆ.

ಇಷ್ಟು ಕಡಿಮೆ ಗೆರೆಗಳಲ್ಲಿ ನಮ್ಮ ಸಂಘದ ಹಿರಿಮೆ ಹೇಗೆ ಕಾಣುತ್ತದೆ ಎಂದು ಕೆಲವರು ಕೇಳಬಹುದು. ರಾಂಡ್ ಇದಕ್ಕೆ ತಮ್ಮ ಬರಹಗಳಲ್ಲಿ ಸ್ಪಷ್ಟ ಉತ್ತರ ಕೊಟ್ಟಿದ್ದಾರೆ: ಗುರುತು ತಾನಾಗಿ ಅರ್ಥವನ್ನು ಹೊತ್ತು ತರುವುದಿಲ್ಲ, ಅದು ಯಾರನ್ನು ಸೂಚಿಸುತ್ತದೋ ಅವರ ನಡೆಯಿಂದ ಅರ್ಥ ಪಡೆಯುತ್ತದೆ. ನಮ್ಮ ಸ್ಟೇಟ್ ಬ್ಯಾಂಕಿನ ನೀಲಿ ವೃತ್ತವನ್ನೇ ನೋಡಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ 1971ರಲ್ಲಿ ರೂಪಿಸಿದ ಆ ಗುರುತನ್ನು ಒಬ್ಬರು ಬೀಗದ ಕಿಂಡಿ ಎನ್ನುತ್ತಾರೆ, ಮತ್ತೊಬ್ಬರು ಕೆರೆ ಎನ್ನುತ್ತಾರೆ. ಆದರೆ ಸಂಬಳ, ಪಿಂಚಣಿ, ಬೆಳೆಸಾಲಗಳ ವ್ಯವಹಾರದಲ್ಲಿ ಅದನ್ನು ದಿನವೂ ಕಂಡ ಜನರಿಗೆ ಅದರ ಅರ್ಥ ಬ್ಯಾಂಕ್ ಎಂದಷ್ಟೇ. ಇದರ ಇನ್ನೊಂದು ಮುಖವೂ ರಾಂಡ್ ಅವರ ಬದುಕಿನಲ್ಲೇ ಇದೆ. ಅವರು 1996ರ ನವೆಂಬರ್ 26ರಂದು ತೀರಿಕೊಂಡರು. ಅವರ ಕೊನೆಯ ಕೆಲಸಗಳಲ್ಲೊಂದು ಎನ್ರಾನ್ ಎಂಬ ಇಂಧನ ಕಂಪನಿಗೆ ಬರೆದ, ಓರೆಯಾಗಿ ನಿಲ್ಲಿಸಿದ ಇ ಅಕ್ಷರ. ಐಬಿಎಂ ಗುರುತನ್ನು ಬರೆದ ಕೈಯೇ ಅದನ್ನೂ ಬರೆದಿತ್ತು. 2001ರಲ್ಲಿ ಲೆಕ್ಕಪತ್ರದ ವಂಚನೆ ಬಯಲಾಗಿ ಕಂಪನಿ ದಿವಾಳಿಯಾದಾಗ, ಅದೇ ಓರೆ ಅಕ್ಷರವನ್ನು ಜನ ಮೋಸದ ಚಿಹ್ನೆಯಾಗಿ ಓದತೊಡಗಿದರು. ನಮ್ಮ ಕನ್ನಡ ತರಗತಿಗಳು ವಾರ ತಪ್ಪದೆ ನಡೆದರೆ, ಹೊಸದಾಗಿ ಬಂದಿಳಿದ ಕುಟುಂಬಕ್ಕೆ ನಮ್ಮವರ ನೆರವು ಮೊದಲ ದಿನವೇ ಸಿಕ್ಕರೆ, ಸಂಘದ ಲೆಕ್ಕ ಎಲ್ಲರ ಮುಂದೆ ಶುದ್ಧವಾಗಿದ್ದರೆ, ಎಂಥ ಸರಳ ಗುರುತೂ ಅದನ್ನೆಲ್ಲ ಹೊರಬಲ್ಲದು.

ಇನ್ನೊಂದು ಮಾತು ಬರೆದವರ ಹೆಸರಿನ ಕುರಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರಿದೆ. ಉಳಿದ ಬರಹವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ತನ್ನ ವೃತ್ತಿಯನ್ನು ಮಾತ್ರ ಅವನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಸಾಮ್ರಾಟನ ಆಜ್ಞೆಯ ಜೊತೆಗೆ ಬರೆದವನ ಹೆಸರೂ ಎರಡು ಸಾವಿರ ವರ್ಷ ಮೀರಿ ನಮ್ಮ ಜಿಲ್ಲೆಯ ಬಂಡೆಯ ಮೇಲೆ ಉಳಿದಿದೆ. ಲಾಂಛನ ಬರೆದವರ ಹೆಸರು ಸಾಮಾನ್ಯವಾಗಿ ಯಾರಿಗೂ ತಿಳಿಯುವುದಿಲ್ಲ. ನಮ್ಮ ಸುದ್ದಿಪತ್ರದಲ್ಲಿ ಹಾಗಾಗಬಾರದು. ಆಯ್ಕೆಯಾದ ಗುರುತಿನ ರಚನಕಾರರ ಹೆಸರನ್ನು ಪ್ರತಿ ಸಂಚಿಕೆಯ ವಿವರ ಪುಟದಲ್ಲಿ ಅಚ್ಚು ಮಾಡಲು ಸಮಿತಿಯನ್ನು ಒಪ್ಪಿಸುತ್ತೇನೆ.

ಭಾಗವಹಿಸುವವರಲ್ಲಿ ನನ್ನ ಕೋರಿಕೆ ಹೀಗಿದೆ. ಮನೆಯಲ್ಲಿ ಎಷ್ಟು ಬೇಕಾದರೂ ಬರೆದು ನೋಡಿ, ಆದರೆ ನಮಗೆ ಒಂದನ್ನು ಮಾತ್ರ ಕಳುಹಿಸಿ. ಮೊದಲು ಕಪ್ಪು ಮಸಿಯಲ್ಲಿ ಬರೆಯಿರಿ, ಬಣ್ಣದ ಮಾತು ಆಮೇಲೆ ಆಡೋಣ. ಅದೇ ಚಿತ್ರವನ್ನು ಅಂಗೈಯಗಲಕ್ಕೊಮ್ಮೆ, ಕಿರುಬೆರಳಿನ ಉಗುರಿನಷ್ಟಕ್ಕೊಮ್ಮೆ ಅಚ್ಚು ಮಾಡಿ ಎರಡನ್ನೂ ಲಗತ್ತಿಸಿ. ಜೊತೆಗೆ ಅರ್ಧ ಪುಟದಷ್ಟು ಬರಹವಿರಲಿ: ಈ ಆಕಾರ ಏಕೆ, ಈ ಅಕ್ಷರರೂಪ ಏಕೆ, ಏನನ್ನೆಲ್ಲ ಬಿಟ್ಟಿರಿ, ಏಕೆ ಬಿಟ್ಟಿರಿ. ಸಮಿತಿಯ ಸದಸ್ಯರು ಆ ಬರಹವನ್ನು ಓದಿದ ಮೇಲಷ್ಟೇ ಅಭಿಪ್ರಾಯ ಹೇಳಬೇಕು, ಮತ್ತು ಆಯ್ಕೆಯಾದ ಗುರುತಿನಲ್ಲಿ ತಿದ್ದುಪಡಿ ಬೇಕೆನಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ರಚನಕಾರರಿಗೆ ತಿಳಿಸಬೇಕೆಂದು ಕೇಳಿಕೊಂಡಿದ್ದೇನೆ. ಬಂದ ಚಿತ್ರಗಳನ್ನೂ ಅವುಗಳ ಜೊತೆಗಿನ ಟಿಪ್ಪಣಿಗಳನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.