ಸರ್ಚ್ ಸುದ್ದಿ ಬರೆಯಲು ಹೊರಟ ಅನುಪಮಳಿಗೆ

ಶಿವಮೊಗ್ಗ
ಭಾನುವಾರ

ಚಿ. ಅನುಪಮಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಸರ್ಚ್ ಎಂಜಿನ್‌ಗಳ ಸುದ್ದಿ ಬರೆಯುವ ಕೆಲಸ ನಿನಗೆ ಸಿಕ್ಕಿದೆ ಎಂದು ನಿನ್ನಮ್ಮ ಫೋನ್ ಮಾಡಿದ್ದಳು. "ಗೂಗಲ್ ಬಗ್ಗೆ ದಿನಾ ಬರೆಯೋಕೆ ಏನಿರುತ್ತೆ ಅಣ್ಣಾ?" ಎಂದು ಕೇಳಿದಳು. ಬೇಕಾದಷ್ಟು ಇರುತ್ತೆ ಎಂದೆ.

ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಆರು ವರ್ಷ ಅಡಿಕೆ ಧಾರಣೆ ನೋಡಿಕೊಳ್ಳುತ್ತಿದ್ದವನು ನಾನು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಅಡಿಕೆಯ ಒಂದೊಂದು ಬಗೆಗೂ ಒಂದೊಂದು ಧಾರಣೆ. ಬೇರೆಯವರಿಗೆ ಅದು ಬರೀ ಅಂಕಿ. ಮನೆಯಲ್ಲಿ ಚೀಲ ಇಟ್ಟುಕೊಂಡು ಕಾಯುತ್ತಿರುವವನಿಗೆ ಅದು ಮಗಳ ಮದುವೆ. ನಿನ್ನ ಸುದ್ದಿಯೂ ಅಂಥದ್ದೇ ಕಣೇ. 2024ರ ಮಾರ್ಚ್ 5ಕ್ಕೆ ಶುರುವಾದ ಗೂಗಲ್ ಕೋರ್ ಅಪ್‌ಡೇಟ್, ಅಂದರೆ ಫಲಿತಾಂಶ ಜೋಡಿಸುವ ಕ್ರಮದಲ್ಲೇ ಮಾಡುವ ದೊಡ್ಡ ಬದಲಾವಣೆ, ಮುಗಿಯಲು 45 ದಿನ ಹಿಡಿಯಿತು. ಸಣ್ಣ ವೆಬ್‌ಸೈಟನ್ನೇ ನಂಬಿಕೊಂಡವರು ಅಂಥ ದಿನಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಟ್ರಾಫಿಕ್ ನೋಡುತ್ತಾರೆ. ಬಿದ್ದಿದ್ದರೆ ಯಾಕೆ ಬಿತ್ತು ಅಂತ ಹುಡುಕಿಕೊಂಡು ನಿಮ್ಮಂಥವರ ಹತ್ತಿರವೇ ಬರುತ್ತಾರೆ.

ನಿನ್ನ ಕೆಲಸದ ವಿಷಯ ತಿಳಿದ ಮೇಲೆ ಈ ಕ್ಷೇತ್ರದ ಹಳೆಯ ಸುದ್ದಿಗಳನ್ನು ಕೂತು ಓದಿದೆ. ಒಂದು ತುಂಬಾ ಹಿಡಿಸಿತು. 2011ರ ಫೆಬ್ರವರಿ 1ರಂದು ಸರ್ಚ್ ಎಂಜಿನ್ ಲ್ಯಾಂಡ್ ಎಂಬ ಸುದ್ದಿ ತಾಣದಲ್ಲಿ ಡ್ಯಾನಿ ಸಲಿವನ್ ಬರೆದದ್ದು. ಕಣ್ಣಿನ ರೆಪ್ಪೆಗೆ ಸಂಬಂಧಿಸಿದ 'ಟಾರ್ಸೊರಾಫಿ' ಎಂಬ ಆಪರೇಷನ್ ಇದೆ. ಯಾರೋ ಅದರ ಸ್ಪೆಲಿಂಗ್ ತಪ್ಪಾಗಿ ಟೈಪ್ ಮಾಡಿದರೆ ಗೂಗಲ್ ತಿದ್ದಿ ಫಲಿತಾಂಶ ಕೊಡುತ್ತಿತ್ತು. ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್ ಸ್ಪೆಲಿಂಗ್ ತಿದ್ದುತ್ತಿರಲಿಲ್ಲ, ಆದರೆ ಮೊದಲ ಫಲಿತಾಂಶ ಮಾತ್ರ ಗೂಗಲ್‌ನದ್ದೇ ಬರತೊಡಗಿತು. ಬಿಂಗ್ ನಮ್ಮದನ್ನು ನಕಲು ಮಾಡುತ್ತಿದೆಯಾ ಅಂತ ಗೂಗಲ್‌ನವರಿಗೆ ಅನುಮಾನ ಬಂತು. ಅರ್ಥವೇ ಇಲ್ಲದ ಸುಮಾರು 100 ಪದಗಳನ್ನು ಮಾಡಿಕೊಂಡರು. 'ಎಚ್‌ಐವೈಬಿಬಿಪಿಆರ್‌ಕ್ಯುಎಜಿ' ಅಂತ ಹುಡುಕಿದರೆ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿನ ಸೀಟುಗಳ ಪುಟ ಬರುವ ಹಾಗೆ ತಾವೇ ಕೂಡಿಸಿದರು. ಸುಮಾರು 20 ಎಂಜಿನಿಯರುಗಳು ಬಿಂಗ್ ಟೂಲ್‌ಬಾರ್ ಇದ್ದ ಲ್ಯಾಪ್‌ಟಾಪ್‌ಗಳಲ್ಲಿ ಆ ಪದಗಳನ್ನು ಗೂಗಲ್‌ನಲ್ಲಿ ಹುಡುಕಿ ಕ್ಲಿಕ್ ಮಾಡಿದರು. ಎರಡು ವಾರದಲ್ಲಿ ಬಿಂಗ್‌ನಲ್ಲೂ ಅದೇ ಥಿಯೇಟರ್!

ಇಷ್ಟು ಸಿಕ್ಕಿದರೆ ಯಾವ ವರದಿಗಾರನ ಕೈಯೂ ತುರಿಸುತ್ತೆ. ಆದರೆ ನೋಡು, 100ರಲ್ಲಿ ಹಾಗೆ ಬಂದದ್ದು 7ರಿಂದ 9 ಮಾತ್ರ ಎನ್ನುವುದನ್ನೂ ಸಲಿವನ್ ಬರೆದರು. ಗೂಗಲ್‌ನ ವಾದಕ್ಕೆ ಅದರಿಂದ ಬಲ ಕಡಿಮೆಯಾಗಬಹುದಿತ್ತು, ಆದರೂ ಬಿಡಲಿಲ್ಲ. ಮೈಕ್ರೋಸಾಫ್ಟ್‌ನವರನ್ನು ಕೇಳಿ ಅವರ ಮಾತನ್ನೂ ಹಾಕಿದರು. ಒಪ್ಪಿಗೆ ಕೊಟ್ಟ ಬಳಕೆದಾರರ ಕ್ಲಿಕ್ಕುಗಳನ್ನು ನೋಡುತ್ತೇವೆ, ಅದು ಫಲಿತಾಂಶ ಜೋಡಿಸಲು ನೋಡುವ ಸಾವಿರಕ್ಕೂ ಹೆಚ್ಚು ಸಂಕೇತಗಳಲ್ಲಿ ಒಂದು ಚಿಕ್ಕ ಭಾಗ ಅಷ್ಟೇ ಎಂಬುದು ಬಿಂಗ್‌ನವರ ವಾದ. ಓದಿದವನಿಗೆ ತಾನೇ ತೂಗಿ ನೋಡಲು ಬೇಕಾದದ್ದೆಲ್ಲ ಸಿಕ್ಕಿತು. ಈ ಸುದ್ದಿಯನ್ನು ಎರಡು ಸಲ ಓದು.

ನಾನು ಹಾಗೆ ಮಾಡದ ಒಂದು ದಿನ ಇದೆ. ನಿನ್ನಮ್ಮನಿಗೂ ಹೇಳಿಲ್ಲ. ಮಂಡಿಯವರೊಬ್ಬರು ಸಂಜೆ ಫೋನ್ ಮಾಡಿ, ಮುಂದಿನ ವಾರ ರಾಶಿ ಇಳಿಯೋದು ಗ್ಯಾರಂಟಿ ಅಂದರು. ಪುಟ ಕಳಿಸುವ ಹೊತ್ತಾಗಿತ್ತು. 'ಧಾರಣೆ ಇಳಿಕೆ ಖಚಿತ' ಎಂದು ಎರಡು ಕಾಲಂ ಹೆಡ್ಡಿಂಗ್ ಕೊಟ್ಟೆ. ಯಾರು ಹೇಳಿದರು ಅಂತ ಬರೆಯಲಿಲ್ಲ. ಹದಿನೈದು ದಿನದ ಮೇಲೆ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಕಚೇರಿಗೆ ಬಂದರು. ಪೇಪರಿನ ಆ ತುಂಡನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಧಾರಣೆ ಏರಿತ್ತು. ಅವರು ಇದ್ದ ಚೀಲವನ್ನೆಲ್ಲ ಮಾರಿಬಿಟ್ಟಿದ್ದರು. ಕೂಗಾಡಲಿಲ್ಲ. "ಇದನ್ನ ನಿಮಗೆ ಯಾರು ಹೇಳಿದ್ದು ಸಾರ್?" ಎಂದಷ್ಟೇ ಕೇಳಿದರು. ಮರುದಿನ ತಿದ್ದುಪಡಿ ಹಾಕಿದೆ, ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಅದೂ ತಪ್ಪೇ.

ಅದಕ್ಕೇ ಹೇಳುತ್ತೇನೆ, ಗೂಗಲ್ ಅಧಿಕೃತವಾಗಿ ಹೇಳಿದ್ದು ಬೇರೆ, ಎಸ್‌ಇಒ, ಅಂದರೆ ಸೈಟನ್ನು ಸರ್ಚ್‌ನಲ್ಲಿ ಮೇಲೆ ತರುವ ಕೆಲಸ, ಮಾಡುವವರು ತಮ್ಮ ಸೈಟುಗಳಲ್ಲಿ ಕಂಡದ್ದು ಬೇರೆ, ನಿನ್ನ ಊಹೆ ಬೇರೆ. ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡ. 'ಅಪ್‌ಡೇಟ್ ಬಂದಿದೆ' ಎಂದು ನಾಲ್ಕು ಜನ ಹೇಳಿದರೆ ನಾಲ್ಕು ಜನ ಹೇಳಿದರು ಅಂತಲೇ ಬರಿ. ತಪ್ಪಾದರೆ ಸುಮ್ನೆ ಒಳಗೊಳಗೇ ತಿದ್ದಬೇಡ. ಏನು ಬದಲಾಯಿತು, ಯಾವಾಗ ಎಂದು ಸುದ್ದಿಯ ತಲೆಯ ಮೇಲೇ ಹಾಕು.

ದುಡ್ಡಿನ ವಿಷಯವೂ ಇದೆ. ಹಣ ಪಡೆದು ತೋರಿಸುವ ಫಲಿತಾಂಶವನ್ನು ಬೇರೆಯಾಗಿ ಗುರುತಿಸಿ ಎಂದು ಅಮೆರಿಕದ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2002ರಲ್ಲೇ ಸರ್ಚ್ ಕಂಪನಿಗಳಿಗೆ ಪತ್ರ ಬರೆದಿತ್ತು. ಅದರ ಬಗ್ಗೆ ನೀನೂ ಬರೆಯುತ್ತೀಯ. ಹಾಗಿದ್ದ ಮೇಲೆ ನಿಮ್ಮ ಪುಟದ ಜಾಹೀರಾತು ಯಾವುದು, ಸುದ್ದಿ ಯಾವುದು ಎಂದು ನಿಮ್ಮ ಓದುಗರಿಗೂ ಗೊತ್ತಾಗಬೇಕಲ್ವಾ? ಈ ಕ್ಷೇತ್ರ ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯ. ಅದೇ ಸಲಿವನ್ 2017ರಲ್ಲಿ ಗೂಗಲ್ ಸೇರಿದರು. ಅವರು ಕಟ್ಟಿದ ಸರ್ಚ್ ಎಂಜಿನ್ ಲ್ಯಾಂಡನ್ನು 2024ರಲ್ಲಿ ಸೆಮ್‌ರಶ್ ಕೊಂಡಿತು. ಎಸ್‌ಇಒ ಟೂಲ್ ಮಾರುವ ಕಂಪನಿ ಅದು. ಇದರಲ್ಲಿ ತಪ್ಪು ಹುಡುಕುತ್ತಿಲ್ಲ ನಾನು. ನಿಮ್ಮ ಸಂಸ್ಥೆಯ ಮಾಲೀಕರ ಸರಕಿನ ಬಗ್ಗೆ ಬರೆಯುವ ದಿನ ಬಂದರೆ ಮಾತ್ರ ಮೊದಲ ಪ್ಯಾರಾದಲ್ಲೇ ಆ ಸಂಬಂಧ ಹೇಳಿಬಿಡು. ಎಡಿಟರ್ ಬೇಡ ಅಂದರೆ ಒಂದು ಸಲ ವಾದ ಮಾಡು. ಆಮೇಲೂ ಬೇಡ ಅಂದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ.

ನಿನ್ನ ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ, ಬಸ್ಸಿನಲ್ಲಿ ಕಳಿಸುತ್ತೇವೆ. ಮೊದಲ ಸುದ್ದಿ ಬಂದ ದಿನ ಲಿಂಕ್ ಕಳಿಸು. ಮೊದಲ ತಿದ್ದುಪಡಿಯ ಲಿಂಕೂ ಕಳಿಸು.

ಇಂತಿ ನಿನ್ನ ಮಾವ